ನೆಗೆಣ್ಣಿಯರ ಕೀಬೋರ್ಡ್

ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಮೂರು, ಕುರ್ಚಿ ಒಂದು. ಮೂರಕ್ಕೂ ಸೇರಿ ಒಂದೇ ಪರದೆ, ಒಂದೇ ಕೀಬೋರ್ಡ್, ಒಂದೇ ಮೌಸ್. ಆ ಒಂದು ಕುರ್ಚಿಗೆ ನಾವಿಬ್ಬರು ಹೆಂಗಸರು. ಒಬ್ಬಳು ನಾನು. ಇನ್ನೊಬ್ಬರು ನನ್ನ ನೆಗೆಣ್ಣಿ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು. ನೆಗೆಣ್ಣಿಯರು ಎಂದ ಮೇಲೆ ಜಗಳ ಇದ್ದೇ ಇರುತ್ತದೆ ಎಂದು ಊರು ಮೊದಲೇ ತೀರ್ಪು ಕೊಟ್ಟುಬಿಟ್ಟಿರುತ್ತದೆ. ನಮ್ಮ ಕುಷ್ಟಗಿಯೂ ಅದಕ್ಕೆ ಹೊರತಲ್ಲ. ಅಂಗಡಿಗೆ ಬಂದವರು ಮೊದಲು ನಮ್ಮಿಬ್ಬರ ಮುಖ ನೋಡಿ, ಇವತ್ತು ಹವಾ ಹೇಗಿದೆ ಎಂದು ತಿಳಿದುಕೊಂಡೇ ಚೀಲದಿಂದ ಕಾಗದ ಹೊರಗೆ ತೆಗೆಯುತ್ತಿದ್ದರು.

ನಮ್ಮದು ಟೈಪಿಂಗ್ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಸಾಲೆಯ ಪ್ರಶ್ನೆಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಪಹಣಿ, ಆನ್‌ಲೈನ್ ಫಾರ್ಮು, ಹೀಗೆ ಯಾರಿಗೆ ಏನು ಬೇಕೋ ಅದು. ಮೊದಲು ಎರಡು ಪರದೆಗಳಿದ್ದವು. ಒಂದು ಸಿಡಿಲಿಗೆ ಹೋಯಿತು. ಇನ್ನೊಂದು ಕರೆಂಟು ಹೆಚ್ಚುಕಡಿಮೆಯಾಗಿ ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಮತ್ತೆ ತೆರೆಯಲಿಲ್ಲ. ಮನೆಯಿಂದ ಒಂದು ಹಳೆಯ ಪರದೆ ತಂದು ಇಟ್ಟೆವು. ಪ್ರತಿ ಸಲ ಇದರ ವೈರು ಕಿತ್ತು ಅದಕ್ಕೆ, ಅದರದು ಕಿತ್ತು ಇದಕ್ಕೆ ಸಿಕ್ಕಿಸುತ್ತ ಮೇಜಿನ ಕೆಳಗೆ ನುಸುಳಿ ನುಸುಳಿ ನಮ್ಮ ಸೀರೆಗಳೆಲ್ಲ ಧೂಳು ಹಿಡಿದವು. ಆಗ ನಮ್ಮಲ್ಲಿ ಪ್ರಶ್ನೆಪತ್ರಿಕೆ ಮಾಡಿಸುತ್ತಿದ್ದ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು ಅಂಗೈ ಅಗಲದ ಒಂದು ಕರಿ ಡಬ್ಬಿ ತಂದುಕೊಟ್ಟರು. ಹಿಂದೆ ಮೂರು ಕಂಪ್ಯೂಟರಿನ ವೈರುಗಳು ಬಂದು ಸೇರುತ್ತವೆ, ಮುಂದೆ ಗುಂಡಿಗಳಿವೆ. ಯಾವ ಗುಂಡಿ ಒತ್ತುತ್ತೀರೋ ಆ ಕಂಪ್ಯೂಟರು ಪರದೆಗೆ ಬರುತ್ತದೆ, ಕೀಬೋರ್ಡೂ ಅದರದೇ ಆಗುತ್ತದೆ.

ಗಿಣಿಗೇರಾದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಭಾವನವರು, ಅಕ್ಕನ ಗಂಡ, ಅದನ್ನು ನೋಡಿದವರೇ, "ಇದು ನಮ್ಮ ಪಾಳಿ ಇದ್ದಂಗ ಐತಿ. ಒಬ್ಬಾಂವ ಇಳದ್ರ ಇನ್ನೊಬ್ಬಾಂವ ಹತ್ತಬೇಕು" ಎಂದರು. ಅಂದಿನಿಂದ ಅದು ಪಾಳಿ ಡಬ್ಬಿ.

ಕಂಪ್ಯೂಟರುಗಳಿಗೂ ಹೆಸರಿದ್ದವು. ಮೊದಲನೆಯದು ಅಜ್ಜ. ವಯಸ್ಸಾಗಿತ್ತು, ಇಂಟರ್‌ನೆಟ್ ಸಂಪರ್ಕ ಕೊಟ್ಟಿರಲಿಲ್ಲ. ಆದರೆ ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆಗಳೆಲ್ಲ ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಅದರ ಹೊಟ್ಟೆಯಲ್ಲಿದ್ದವು. ಬೇರೆ ಕಡೆ ತೆರೆದರೆ ಆ ಅಕ್ಷರಗಳು ಯಾವ ಭಾಷೆಯೂ ಅಲ್ಲದ ಕಲಸುಮೇಲೋಗರವಾಗುತ್ತಿದ್ದವು. ಮೂರನೆಯದು ಸಾಹೇಬ. ಹೊಸದು, ಸರಕಾರಿ ಫಾರ್ಮುಗಳಿಗೆ ಮೀಸಲು. ನಡುವಿನದು ಕೆಟ್ಟು ಮೂಲೆ ಸೇರಿತ್ತು. ಅದರೊಳಗೆ ಅದೇ ಮೇಷ್ಟ್ರು ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಎಬ್ಬಿಸಿ ಕೂರಿಸಿದರು. ಹಾಕಿದ ಗುರುತಿಗೆ ಪೆಟ್ಟಿಗೆಯ ಮೇಲೆ ಅದರ ಲಾಂಛನವಾದ ಪೆಂಗ್ವಿನ್ ಚಿತ್ರವೊಂದನ್ನು ಅಂಟಿಸಿ ಹೋದರು. ಮಧ್ಯಾಹ್ನ ಅಂಗಡಿಗೆ ಬಂದ ನಮ್ಮ ಅತ್ತೆ ಅದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು.

"ಇದ್ಯಾವ ಹಕ್ಕಿಬೇ? ಕಾಗಿಗೆ ಯಾರು ಸುಣ್ಣಾ ಹಚ್ಯಾರ?"

ಹಾಗೆ ಲಿನಕ್ಸಿಗೆ ನಮ್ಮಲ್ಲಿ ಕಾಗಿ ಎಂದು ಹೆಸರು ಬಿತ್ತು. ನನಗೆ ಮೊದಮೊದಲು ಅದನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಕೈಗೆ ಒಗ್ಗಿದ ಯಾವುದೂ ಅದರಲ್ಲಿ ಇದ್ದ ಜಾಗದಲ್ಲಿ ಇರಲಿಲ್ಲ. ಆದರೆ ಅಕ್ಕ ಅದನ್ನು ಹಚ್ಚಿಕೊಂಡುಬಿಟ್ಟರು. ಜನ ತರುವ ಪೆನ್ ಡ್ರೈವ್‌ಗಳಲ್ಲಿ ವೈರಸ್ ತುಂಬಿಕೊಂಡು ಬರುತ್ತದೆ, ಕಾಗಿಗೆ ಮಾತ್ರ ಅವು ಏನೂ ಮಾಡುತ್ತಿರಲಿಲ್ಲ. ಹಾಗಾಗಿ ಯಾರೇ ಪೆನ್ ಡ್ರೈವ್ ತಂದರೂ ಅಕ್ಕ ಮೊದಲು ಕಾಗಿಯಲ್ಲಿ ತೆರೆದು, ಬೇಕಾದ್ದನ್ನಷ್ಟೇ ಆರಿಸಿ ಮುಂದಕ್ಕೆ ಕಳಿಸುತ್ತಿದ್ದರು. "ಹೊರಗಿಂದ ಬಂದವರು ಕಾಲು ತೊಳ್ಕೊಂಡು ಒಳಗ ಬರ್ಲಿ" ಎನ್ನುವುದು ಅವರ ಮಾತು. ತಮ್ಮ ಸ್ವಂತ ಬರವಣಿಗೆ ಏನಾದರೂ ಇದ್ದರೆ ಅದನ್ನೂ ಅಲ್ಲೇ ಬರೆಯುತ್ತಿದ್ದರು.

ಅಕ್ಕ ಯಲಬುರ್ಗಾ ಕಡೆಯ ತಳಕಲ್ಲಿನವರು, ಎರೆಹೊಲ, ಜೋಳದ ರೊಟ್ಟಿಯ ಸೀಮೆ. ನಾನು ಗಂಗಾವತಿ ಆಚೆ ಸಿದ್ದಾಪುರದವಳು, ಕಾಲುವೆ ನೀರು, ಭತ್ತದ ಗದ್ದೆ. ನಾನು ಲಗ್ನವಾಗಿ ಬಂದ ಹೊಸತರಲ್ಲಿ ರೊಟ್ಟಿ ಬಡಿಯಲು ಹೋದರೆ ಅದು ಒಂದು ಕಡೆ ದಪ್ಪ, ಒಂದು ಕಡೆ ತೂತು. ಅಕ್ಕ ಅತ್ತೆಯ ಕಣ್ಣು ತಪ್ಪಿಸಿ ನನ್ನ ರೊಟ್ಟಿಯನ್ನೂ ತಾವೇ ಬಡಿದು, "ಅನ್ನ ಉಣ್ಣಾಕಿ, ಕೈಯಾಗ ಶಕ್ತಿ ಎಲ್ಲಿಂದ ಬರಬೇಕು" ಎಂದು ನಗುತ್ತಿದ್ದರು. ಮಾತಿನ ನಡುವೆ ನನ್ನ ಬಾಯಿಂದ ನಮ್ಮೂರ ಸುತ್ತ ನೆಲೆಸಿದ ಆಂಧ್ರದವರ ಒಂದು ತೆಲುಗು ಪದ ಜಾರಿದರೆ ಸಾಕು, ವಾರಗಟ್ಟಲೆ ಅದನ್ನೇ ಹಿಡಿದು ಆಡಿಸುತ್ತಿದ್ದರು.

ಅವರು ನನಗೆ ರೊಟ್ಟಿ ಕಲಿಸಿದರು, ನಾನು ಅವರಿಗೆ ಟೈಪಿಂಗ್ ಕಲಿಸಿದೆ. ನಾನು ಕಲಿತದ್ದು ಗಂಗಾವತಿಯ ತರಬೇತಿ ಕೇಂದ್ರದಲ್ಲಿ. ಅಲ್ಲಿನ ಮಾಸ್ತರರು ನಮ್ಮ ಕೈಗಳ ಮೇಲೆ ಟವೆಲು ಹೊದಿಸಿ ಕೂರಿಸುತ್ತಿದ್ದರು. ಕೀಬೋರ್ಡೂ ನೋಡಬಾರದು, ಪರದೆಯನ್ನೂ ನೋಡಬಾರದು, ಕಣ್ಣು ಕಾಗದದ ಮೇಲಿರಬೇಕು. ನಾನೂ ಅಕ್ಕನ ಕೈ ಮೇಲೆ ಟವೆಲು ಹೊದಿಸಿದೆ. ಕನ್ನಡ ಟೈಪಿಂಗಿನಲ್ಲಿ ಕ ಬೇಕಾದರೆ ಇಂಗ್ಲಿಷಿನ k ಒತ್ತಬೇಕು, ಮ ಬೇಕಾದರೆ m, ಇಷ್ಟು ಸಲೀಸು. ಆದರೆ ಡ ಬೇಕಾದರೆ w ಒತ್ತಬೇಕು. ಇದಕ್ಕೆ ಅಕ್ಕ ತಕರಾರು ತೆಗೆದರು. ಡಕ್ಕೂ ಅದಕ್ಕೂ ಏನು ಸಂಬಂಧ? ನಾನು ಉತ್ತರ ಹುಡುಕುವಷ್ಟರಲ್ಲಿ ಅವರೇ ಕಂಡುಹಿಡಿದರು.

"ಡಬ್ಲ್ಯೂದಾಗ ಮೊದಲ ಡ ಐತಲ್ಲಬೇ! ನಿಮ್ಮ ಮಾಸ್ತರ ಹೇಳಲಿಲ್ಲೇನು?"

ಹೇಳಿರಲಿಲ್ಲ. ಒತ್ತಕ್ಷರ ಬೇಕಾದರೆ ಎರಡು ಅಕ್ಷರಗಳ ನಡುವೆ f ಒತ್ತಬೇಕು. ಅಕ್ಕ ಅದಕ್ಕೆ ಬೆಸುಗೆ ಎಂದು ಹೆಸರಿಟ್ಟರು. ಕಲಿಯುವ ದಿನಗಳಲ್ಲಿ ಬಸ್ಸಿನಲ್ಲಿ ಕೂತರೂ, ಟಿವಿ ಮುಂದೆ ಕೂತರೂ, ಬೇರೆಯವರ ಮಾತುಗಳನ್ನೆಲ್ಲ ಅವರ ಬೆರಳುಗಳು ಮೊಣಕಾಲ ಮೇಲೆ ಟೈಪ್ ಮಾಡುತ್ತಿದ್ದವು. ಆರು ತಿಂಗಳಲ್ಲಿ ನನಗಿಂತ ಕಡಿಮೆ ತಪ್ಪು ಮಾಡತೊಡಗಿದರು. ನನಗೆ ಒಳಗೊಳಗೇ ಉರಿಯಿತು ಎನ್ನುವುದನ್ನು ಇಲ್ಲಿ ಮುಚ್ಚಿಟ್ಟು ಏನು ಮಾಡಲಿ.

ಪಾಳಿ ಡಬ್ಬಿ ಬಂದ ಮೇಲೆ ನಮಗೆ ಒಂದು ಹೊಸ ಪೇಚು ಶುರುವಾಯಿತು. ಕನ್ನಡದಲ್ಲಿ ಟೈಪ್ ಮಾಡುವಾಗ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ನಾವು ಒತ್ತುವುದು ಸ್ಕ್ರಾಲ್ ಲಾಕ್ ಎಂಬ ಕೀಲಿಯನ್ನು. ಲೋಕದಲ್ಲಿ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲವೆಂದು ಕಾಣುತ್ತದೆ. ಹಾಗಾಗಿ ಡಬ್ಬಿ ಮಾಡಿದವರು, ಕೆಲಸಕ್ಕೆ ಬಾರದ ಕೀಲಿ ತಾನೇ ಎಂದು, ಅದನ್ನು ಬೇಗಬೇಗ ಎರಡು ಸಲ ಒತ್ತಿದರೆ ಮುಂದಿನ ಕಂಪ್ಯೂಟರಿಗೆ ಹೋಗುವಂತೆ ಮಾಡಿಟ್ಟಿದ್ದರು. ನಮಗೋ ದಿನಕ್ಕೆ ನೂರು ಸಲ ಬೇಕಾಗುವ ಕೀಲಿ ಅದು. ಕನ್ನಡ ಬಂತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಮ್ಮೆ ಒತ್ತಿದೆವೋ, ಮುಗಿಯಿತು, ಅಜ್ಜನಲ್ಲಿದ್ದವರು ಕಾಗಿಯಲ್ಲಿ ಇರುತ್ತಿದ್ದೆವು. ಪರದೆ ನೋಡದೆ ಟೈಪ್ ಮಾಡುವುದು ನಮ್ಮ ಹೆಮ್ಮೆ ಬೇರೆ. ಒಮ್ಮೆ ಒಬ್ಬರ ಗೃಹಪ್ರವೇಶದ ಆಮಂತ್ರಣ ಅರ್ಧ ಅಜ್ಜನಲ್ಲಿ, ಅರ್ಧ ಕಾಗಿಯಲ್ಲಿ ಆಯಿತು. ಕಾಗಿಗೆ ಹೊರಳಿದಾಗಲೆಲ್ಲ ಕನ್ನಡಕ್ಕಾಗಿ ಬೇರೆಯೇ ಕೀಲಿಯನ್ನು ಹೊಸದಾಗಿ ಒತ್ತಬೇಕು, ಇಲ್ಲವಾದರೆ ಅದು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಂಡು ಹೋಗುತ್ತದೆ. ಕೊನೆಗೆ ಅಕ್ಕ ಸ್ಕ್ರಾಲ್ ಲಾಕ್ ಮೇಲೆ ಒಂದು ಚೂರು ಕಾಗದ ಅಂಟಿಸಿ ಅದರ ಮೇಲೆ 'ತಡಿ' ಎಂದು ಬರೆದರು. ಒಮ್ಮೆ ಒತ್ತು, ಉಸಿರು ಬಿಡು, ಬೇಕಾದರೆ ಮತ್ತೆ ಒತ್ತು. ಇದು ನಮ್ಮ ಅಂಗಡಿಯ ಕಾನೂನಾಯಿತು.

ಒಂದು ಮಾತು ಹೇಳಬೇಕು. ಇಷ್ಟೆಲ್ಲ ಹತ್ತಿರವಿದ್ದರೂ ನಾನು ಅಕ್ಕನನ್ನು 'ರಿ' ಹಚ್ಚದೆ ಮಾತಾಡಿಸಿದವಳಲ್ಲ. ಅಕ್ಕಾರ, ಬರ್ರಿ, ಕುಂದರ್ರಿ, ಚಾ ಕುಡೀರಿ. ಹನ್ನೆರಡು ವರ್ಷ ಹೀಗೇ. ಹಿರಿಯ ಸೊಸೆ ಎಂದ ಮೇಲೆ ಅದು ಬಿಡುವ ಹಾಗಿಲ್ಲ, ಅತ್ತೆಯ ಕಿವಿ ಆ ವಿಷಯದಲ್ಲಿ ಬಹಳ ಚುರುಕು. ಆ ರಿ ನಮ್ಮಿಬ್ಬರ ನಡುವೆ ಸದಾ ಇರುತ್ತಿತ್ತು.

ಜಗಳ ಆದದ್ದು ಒಂದು ಸೋಮವಾರ. ಯಾವುದೋ ಅರ್ಜಿಗೆ ಕಡೆಯ ದಿನ, ಅಂಗಡಿ ತುಂಬ ಜನ, ಹೊರಗೆ ಕೆಂಡದಂಥ ಬಿಸಿಲು. ಅಕ್ಕ ಕುರ್ಚಿಯಲ್ಲಿ ಕೂತು ಅಜ್ಜನಲ್ಲಿ ಒಂದು ಲಗ್ನಪತ್ರಿಕೆ ಹೊಡೆಯುತ್ತಿದ್ದರು. ಅದಕ್ಕೂ ಅವಸರವಿತ್ತು. ನಾನು ಪಕ್ಕದಲ್ಲಿ ನಿಂತು ಒಂದು ಹುಡುಗಿಯ ಫಾರ್ಮನ್ನು ಸಾಹೇಬನಲ್ಲಿ ತುಂಬುತ್ತ, ನಡುನಡುವೆ ಪಾಳಿ ಕೇಳಿ ಪಡೆಯುತ್ತಿದ್ದೆ. ಒಂದು ಸಲ ಕೇಳಲಿಲ್ಲ. ಅಕ್ಕನ ಕೈ ಕೀಬೋರ್ಡಿನ ಮೇಲೆ ಓಡುತ್ತಿರುವಾಗಲೇ ಡಬ್ಬಿಯ ಗುಂಡಿ ಒತ್ತಿಬಿಟ್ಟೆ. ಅವರ ಕಣ್ಣು ಕಾಗದದ ಮೇಲಿತ್ತು. ಅವರು ಹೊಡೆಯುತ್ತಿದ್ದ ಮದುಮಗಳ ಹೆಸರು, ಬೀಗರ ಊರು, ಶುಭಮುಹೂರ್ತ ಎಲ್ಲ ಹೋಗಿ ಆ ಹುಡುಗಿಯ ತಂದೆಯ ಹೆಸರಿನ ಜಾಗದಲ್ಲಿ ಕುಳಿತವು. ಸಾಲಿನ ಕೊನೆಗೆ ಅವರು ಎಂಟರ್ ಒತ್ತಿದ್ದೇ ಫಾರ್ಮು ಹೊರಟೇಹೋಯಿತು.

ತಪ್ಪು ನನ್ನದು. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಸಿಟ್ಟು ನೆತ್ತಿಗೇರಿತು. ಅಷ್ಟೂ ಜನರ ಎದುರು ಅಂದುಬಿಟ್ಟೆ.

"ಒಂದ ಕುರ್ಚಿಗೆ ಇಬ್ಬರು ಯಾಕ ಬೇಕ್ರಿ? ನಾ ಒಬ್ಬಾಕೀನ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ."

ಅಕ್ಕ ಎದ್ದರು, ಸೆರಗಿನಿಂದ ಕುರ್ಚಿ ಒರೆಸಿದರು, ಸರಿದು ನಿಂತರು. ಆ ಫಾರ್ಮಿನ ತಿದ್ದುಪಡಿಗೆ ಹುಡುಗಿಯನ್ನು ಮರುದಿನ ಕೊಪ್ಪಳದ ಕಚೇರಿಗೆ ತಾವೇ ಕರೆದುಕೊಂಡು ಹೋಗಿ ಸರಿ ಮಾಡಿಸಿ ತಂದರು. ನನಗೆ ಒಂದು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ವಾರವೇ ಭಾವನವರು ಗಿಣಿಗೇರಾದಿಂದ ಬಂದು, ಕಾರ್ಖಾನೆಗೆ ಸಮೀಪ ಒಂದು ಮನೆ ಬಾಡಿಗೆಗೆ ಸಿಕ್ಕಿದೆ ಎಂದರು. ಅವರು ಅಲ್ಲಿ ಒಂದು ಕೋಣೆಯಲ್ಲಿದ್ದು ಮೆಸ್ಸಿನಲ್ಲಿ ಉಂಡು ಹೊಟ್ಟೆ ಕೆಡಿಸಿಕೊಂಡಿದ್ದರು. ವರ್ಷದಿಂದ ಅಕ್ಕನನ್ನು ಕರೆಯುತ್ತಲೇ ಇದ್ದರು, ಅಕ್ಕ ಅಂಗಡಿ ಬಿಟ್ಟು ಹೇಗೆ ಬರಲಿ ಎಂದು ಮುಂದೂಡುತ್ತಲೇ ಇದ್ದರು. ಈ ಸಲ ಕೇಳಿದ ಕೂಡಲೇ ಹೂಂ ಎಂದರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಛಲೋ ಆತು ಎಂದರು ಅತ್ತೆ. ಛಲೋ ಆತು ಎಂದರು ನನ್ನ ಗಂಡ. ನಾನೂ ಅದನ್ನೇ ಅಂದೆ. ಅಂದದ್ದಲ್ಲದೆ, ಭಾಂಡೆಗಳನ್ನು ಕಟ್ಟಲು ಹಳೆಯ ಪೇಪರನ್ನೂ ನಾನೇ ತಂದುಕೊಟ್ಟೆ.

ಅಕ್ಕ ನನ್ನ ಆ ಒಂದು ಮಾತು ಹೊತ್ತುಕೊಂಡು ಹೊರಟಿದ್ದಾರೆ ಎಂದು ನನಗೆ ಗೊತ್ತಿತ್ತು. ಹೋದ ಮೇಲೆ ಬರುತ್ತಾರೆ, ಹಬ್ಬಕ್ಕೆ ಹುಣ್ಣಿಮೆಗೆ ನಗುತ್ತಲೇ ಬರುತ್ತಾರೆ, ಆದರೆ ಅದನ್ನು ಒಳಗಿಟ್ಟುಕೊಂಡೇ ಬರುತ್ತಾರೆ. ಇನ್ನು ಎಂಟು ದಿನ ಇತ್ತು. ದಿನಾ ಅಂಗಡಿಗೆ ಹೋಗುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅಲ್ಲಿ ಹೋಗಿ, "ಅಕ್ಕಾರ, ಪ್ರಿಂಟರ್‌ಗೆ ಕಾಗದ ಹಾಕೀರೇನ್ರಿ?" ಎಂದು ಕೇಳುತ್ತಿದ್ದೆ. ಅವರು ಹಾಕಿರುತ್ತಿದ್ದರು.

ನನಗೊಂದು ಹಳೆಯ ರೂಢಿ ಇದೆ. ಬೆಳಿಗ್ಗೆ ಗಿರಾಕಿ ಬರುವ ಮೊದಲು ಐದು ನಿಮಿಷ, ಕೈ ಬಿಸಿಯಾಗಲೆಂದು, ಮನಸ್ಸಿಗೆ ಬಂದದ್ದನ್ನು ಟೈಪ್ ಮಾಡುತ್ತೇನೆ. ಇದೂ ಗಂಗಾವತಿ ಮಾಸ್ತರರು ಹಾಕಿಕೊಟ್ಟದ್ದೇ. ಕಣ್ಣು ಬಸ್‌ಸ್ಟ್ಯಾಂಡಿನ ಕಡೆ, ಕೈ ಕೀಬೋರ್ಡಿನ ಮೇಲೆ. ಹಾಲು ಒಡೆದದ್ದು, ಗಂಡ ಕೊಡೆ ಮರೆತದ್ದು, ನೆರೆಮನೆಯವಳ ಹೊಸ ಸೀರೆ, ಏನಾದರೂ ಸರಿ. ಆಮೇಲೆ ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಹಿಡಿದು ಡಿಲೀಟ್ ಮಾಡಿಬಿಡುತ್ತೇನೆ. ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ.

ಅಕ್ಕ ಹೊರಡಲು ಎರಡು ದಿನ ಇದ್ದಾಗ, ನಾನು ಅಂಗಡಿಗೆ ಬಂದರೆ ಬಾಗಿಲು ತೆರೆದಿತ್ತು. ಅಕ್ಕ ಬೇಗ ಬಂದು ಏನೋ ಮಾಡುತ್ತಿದ್ದವರು, ನನ್ನನ್ನು ಕಂಡದ್ದೇ ಡಬ್ಬಿಯ ಗುಂಡಿ ಒತ್ತಿ ಎದ್ದು, ಚಹಾದ ಫ್ಲಾಸ್ಕ್ ಮರೆತಿದ್ದೇನೆ, ತರುತ್ತೇನೆ ಎಂದು ಮನೆಗೆ ಹೊರಟರು. ಪರದೆಯ ಮೇಲೆ ಅಜ್ಜ ಇದ್ದ. ನಾನು ಹೊಸ ಹಾಳೆ ತೆರೆದು, ಕನ್ನಡಕ್ಕೆಂದು ಸ್ಕ್ರಾಲ್ ಲಾಕ್ ಒತ್ತಿದೆ. ಮನಸ್ಸು ಎಲ್ಲೋ ಇತ್ತು. ಒತ್ತಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಒತ್ತಿದೆ. ತಡಿ ಎಂಬ ಚೀಟಿ ಅಲ್ಲೇ ಇತ್ತು, ನಾನು ತಡೆಯಲಿಲ್ಲ. ಕಣ್ಣು ಹೊರಗೆ ನೆಟ್ಟು ಹೊಡೆಯತೊಡಗಿದೆ.

ಏನು ಹೊಡೆದೆ ಎಂದು ಈಗಲೂ ಹೇಳಬಲ್ಲೆ. ಕುರ್ಚಿಯ ಮಾತು ನಾನು ಆಡಬಾರದಿತ್ತು ಎಂದು ಹೊಡೆದೆ. ತಪ್ಪು ನನ್ನದಿತ್ತು, ಗುಂಡಿ ಒತ್ತಿದವಳು ನಾನು ಎಂದು ಹೊಡೆದೆ. ಈ ಮನೆಗೆ ಬಂದ ಮೊದಲ ವರ್ಷ ನನ್ನ ಕೆಟ್ಟ ರೊಟ್ಟಿಗಳನ್ನು ಯಾರಿಗೂ ತೋರಿಸದೆ ತಾನೇ ತಿಂದವಳು ಇವಳೊಬ್ಬಳೇ ಎಂದು ಹೊಡೆದೆ. ಆಮೇಲೆ ತರಬೇತಿ ಕೇಂದ್ರದಲ್ಲಿ ಒಂದೇ ಸಾಲನ್ನು ಹತ್ತು ಸಲ ಹೊಡೆಯುತ್ತಿದ್ದೆವಲ್ಲ, ಹಾಗೆ ಒಂದೇ ಸಾಲನ್ನು ಮತ್ತೆ ಮತ್ತೆ ಹೊಡೆದೆ. ಹೋಗಬ್ಯಾಡ ಅಕ್ಕ. ಹೋಗಬ್ಯಾಡ ಅಕ್ಕ. ಹೋಗಬ್ಯಾಡ ಅಕ್ಕ. ಬೆರಳಿಗೆ ರಿ ಸಿಗಲಿಲ್ಲ.

ಆಮೇಲೆ ರೂಢಿಯಂತೆ ಕಂಟ್ರೋಲ್ ಎ, ಡಿಲೀಟ್. ಕಣ್ಣೊರೆಸಿಕೊಂಡು ಪರದೆ ನೋಡಿದೆ. ಬಿಳಿ ಹಾಳೆ ಇತ್ತು, ಆದರೆ ಅದು ಅಜ್ಜನ ಹಾಳೆಯಲ್ಲ. ನಾನು ಕಾಗಿಯಲ್ಲಿದ್ದೆ. ಮೇಲೆ ಕಡತದ ಹೆಸರು 'ತಂಗಿಗೆ' ಎಂದಿತ್ತು. ಅಕ್ಕ ನನ್ನನ್ನು ಕರೆಯುವುದು ತಂಗಿ ಎಂದೇ. ಅವರು ಏನನ್ನೋ ಬರೆದಿದ್ದರು, ಅದನ್ನು ನಾನು ಒಂದಕ್ಷರ ಓದದೆ ಪೂರ್ತಿ ಅಳಿಸಿಬಿಟ್ಟಿದ್ದೆ.

ತಟ್ಟನೆ ಕಂಟ್ರೋಲ್ ಝಡ್ ಒತ್ತಿದೆ. ದೇವರು ದೊಡ್ಡವನು, ಎಲ್ಲ ವಾಪಸು ಬಂತು.

ನಾಲ್ಕು ಪುಟ ಬರೆದಿದ್ದರು. ತಾವು ಹೋದ ಮೇಲೆ ನಾನು ಒಬ್ಬಳೇ ಅಂಗಡಿ ನಡೆಸಲು ಬೇಕಾದದ್ದೆಲ್ಲ ಅದರಲ್ಲಿತ್ತು. ಪ್ರಿಂಟರು ಕಾಗದ ಕಚ್ಚಿಕೊಂಡರೆ ಹಿಂದಿನಿಂದ ಎಳೆಯಬೇಕು, ಮುಂದಿನಿಂದ ಎಳೆದರೆ ಹರಿಯುತ್ತದೆ. ಪೆನ್ ಡ್ರೈವ್ ಕಾಗಿಗೆ ತೋರಿಸದೆ ಸಾಹೇಬನಿಗೆ ಹಾಕಬೇಡ, ನಿನಗೆ ಅವಸರ ಜಾಸ್ತಿ. ಇಂಥ ಸಾಲೆಯ ಮಾಸ್ತರರು ಮೂರು ಸಲ ತಿದ್ದಿಸುತ್ತಾರೆ, ನಾಲ್ಕನೆಯ ಸಲ ಮೊದಲಿನದೇ ಸರಿ ಎನ್ನುತ್ತಾರೆ, ಅದಕ್ಕೆ ಮೊದಲಿನದನ್ನು ಅಳಿಸಬೇಡ. ಹನ್ನೊಂದು ಗಂಟೆಗೆ ತಪ್ಪದೆ ಚಹಾ ಕುಡಿ, ಹೊಟ್ಟೆ ಹಸಿದರೆ ನಿನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನೀನು ಗಿರಾಕಿಯನ್ನೂ ಬಿಡುವುದಿಲ್ಲ. ಎಲ್ಲ ಚೊಕ್ಕ ಕನ್ನಡದಲ್ಲಿ, ನಾನು ಕಲಿಸಿದ ಹಾಗೆ ಒಂದೂ ತಪ್ಪಿಲ್ಲದೆ. ಕೊನೆಯ ಸಾಲು ಅರ್ಧಕ್ಕೆ ನಿಂತಿತ್ತು. 'ಇನ್ನು ಮೇಲೆ ಕುರ್ಚಿ ನಿನ್ನೊಬ್ಬಳದೇ,' ಎಂದಿತ್ತು. ಅದರ ಮುಂದೆ, ಅಲ್ಪವಿರಾಮಕ್ಕೆ ಹತ್ತಿಕೊಂಡೇ, ನಾನು ಹೊಡೆದದ್ದು ಶುರುವಾಗಿತ್ತು. ಕಾಗಿ ನನ್ನ ಕನ್ನಡವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿತ್ತು. ಅದರ ಕೊನೆಯಲ್ಲಿ ಸಾಲು ಸಾಲಾಗಿ ಹೀಗೆ:

hOgbfyAw akfk

hOgbfyAw akfk

hOgbfyAw akfk

ನನ್ನದನ್ನಷ್ಟೇ ಅಳಿಸಬೇಕೆಂದು ಬೆರಳಿಟ್ಟೆ. ಅಷ್ಟರಲ್ಲಿ ಅಕ್ಕ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿದರು. ನಾನು ಕಳ್ಳಿಯ ಹಾಗೆ ಡಬ್ಬಿಯ ಗುಂಡಿ ಒತ್ತಿ ಅಜ್ಜನಿಗೆ ಹೊರಳಿಸಿದೆ. ಮರೆಯಾಯಿತೇ ಹೊರತು ಅಳಿಯಲಿಲ್ಲ.

ಎರಡು ತಾಸು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕಾಗಿಗೆ ಹೋಗಿ ಅಳಿಸಲು ಪುರುಸೊತ್ತು ಸಿಗಲಿಲ್ಲ, ಅಕ್ಕ ಪಕ್ಕದಲ್ಲೇ ನಿಂತು ಕಾಗದ ಜೋಡಿಸುತ್ತಿದ್ದರು. ಹನ್ನೊಂದಕ್ಕೆ ಅವರು ಚಹಾ ಸುರಿದು ಕೈಗೆ ಕೊಟ್ಟು, "ಏಳ, ಹೊರಗ ನಿಂತು ಕುಡಿ, ಕಣ್ಣು ಕೆಂಪಗಾಗ್ಯಾವು" ಎಂದರು. ಎದ್ದೆ. ಆಗಲೇ ಒಬ್ಬ ನಿವೃತ್ತ ಮಾಸ್ತರರು ಪೆನ್ ಡ್ರೈವ್ ಹಿಡಿದು ಬಂದರು. ಪೆನ್ ಡ್ರೈವ್ ಎಂದ ಮೇಲೆ ಕಾಗಿ. ಅಕ್ಕ ಕೂತು ಎರಡನೆಯ ಗುಂಡಿ ಒತ್ತಿದರು. ನಾನು ಬಾಗಿಲಲ್ಲಿ ಲೋಟ ಹಿಡಿದು ನಿಂತೆ.

ಪರದೆ ಬಂತು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಏನ್ರಿ ಬಾಯಾರ ಇದು? ಇಂಗ್ಲಿಷೂ ಅಲ್ಲ, ಏನೂ ಅಲ್ಲ. ಮಷೀನ್ ಕೆಟ್ಟೈತೇನು?"

ಅದನ್ನು ಕಣ್ಣಿನಿಂದ ಓದಲು ಬರುವುದಿಲ್ಲ. ಅಕ್ಕನ ಬೆರಳುಗಳು ಮೇಜಿನ ಅಂಚಿನ ಮೇಲೆ ಒಂದೊಂದೇ ಅಕ್ಷರ ಹುಡುಕುತ್ತ ಆಡತೊಡಗಿದವು. ಬಸ್ಸಿನಲ್ಲಿ ಮೊಣಕಾಲ ಮೇಲೆ ಆಡುತ್ತಿದ್ದವಲ್ಲ, ಹಾಗೆಯೇ. ಹ, ಅದಕ್ಕೆ ಓ. ಗ. ಬ, ಬೆಸುಗೆ, ಯ, ಅದಕ್ಕೆ ಆ. ಡ. ಬೆರಳು ಒಂದು ಸಲ ಮುಗಿಸಿ, ಎರಡನೆಯ ಸಾಲಿಗೆ ಹೋಗಿ, ಮೂರನೆಯ ಸಾಲಿಗೆ ಹೋಗಿ ನಿಂತಿತು.

"ಕೆಟ್ಟಿಲ್ರಿ ಮಾಸ್ತರ," ಎಂದರು. "ಭಾಳ ಛಲೋ ಐತಿ. ಮಧ್ಯಾಹ್ನ ಬರ್ರಿ, ನಿಮ್ಮ ಕೆಲಸ ಮಾಡಿ ಇಟ್ಟಿರ್ತೀನಿ."

ಮಾಸ್ತರರು ಹೋದರು. ಅಕ್ಕ ಕುರ್ಚಿಯಲ್ಲಿಯೇ ತಿರುಗಿ ನನ್ನನ್ನು ನೋಡಿದರು.

"ರಿ ಎಲ್ಲಿ ಹೋತು?"

"ಕೈ ಬಿಸಿ ಮಾಡ್ಕೊಳ್ಳಾಕ ಹೊಡದಿದ್ದೆರಿ. ಗೊತ್ತಾಗದ ಇದರಾಗ ಬಂದೈತಿ. ಅಳಸವಾಕಿ ಇದ್ದೆ."

"ಅಳಸಿದ್ರ ಕೈ ಮುರೀತಿದ್ದೆ." ಪರದೆಯ ಮೇಲಿನ ಆ ಸಾಲುಗಳಿಗೆ ಬೆರಳಿಟ್ಟು, "ಇದನ್ನ ಬಾಯಿಲೆ ಹೇಳಾಕ ಏನಾಗಿತ್ತು ನಿನಗ?" ಎಂದರು.

ನನಗೆ ಅಳು ಬಂತು. ಅಳುತ್ತಲೇ, ಕುರ್ಚಿ ಮಾತಿಗೇ ನೀವು ಹೊರಟಿದ್ದೀರಿ, ನನ್ನ ಮೇಲಿನ ಸಿಟ್ಟಿಗೇ ಹೊರಟಿದ್ದೀರಿ ಎಂದು ಏನೇನೋ ಒದರಿದೆ. ಅಕ್ಕ ನನ್ನ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಸಿಟ್ಟು ನನಗ ಗೊತ್ತಿಲ್ಲೇನು? ಅದಕ್ಕ ಚಾ ಕುಡದ್ರ ಹೋಕ್ಕೈತಿ. ಸಿಟ್ಟಿಗೆ ನಾ ಹೊಂಟಿಲ್ಲ. ನಾ ಹೂಂ ಅಂದಾಗ ನೀ ಒಬ್ಬಾಕಿಯರ ಬ್ಯಾಡ ಅಂತೀಯೇನೋ ಅಂತ ನೋಡಿದೆ. ನೀ ಪೇಪರ್ ತಂದುಕೊಟ್ಟಿ."

ನಾನು ತಲೆ ತಗ್ಗಿಸಿದೆ.

"ತಳಕಲ್ಲದಿಂದ ಲಗ್ನ ಆಗಿ ಬರಾಮುಂದ ಎಲ್ಲಾರೂ ಅತ್ರು," ಎಂದರು ಅಕ್ಕ, ಪರದೆಯ ಕಡೆ ನೋಡುತ್ತ. "ಅವ್ವ ಅತ್ತಳು, ಅಪ್ಪ ಅತ್ತ, ಅಣ್ಣ ಗ್ವಾಡಿಗೆ ಮುಖಾ ಮಾಡಿ ನಿಂತಿದ್ದ. ಎಲ್ಲಾರೂ ಹೋಗಿ ಬಾ, ಹೋಗಿ ಬಾ ಅಂದ್ರು. ಒಬ್ಬರರ ಹೋಗಬ್ಯಾಡ ಅನ್ನಲಿಲ್ಲ. ಹೆಣ್ಣಮಕ್ಕಳಿಗೆ ಯಾರರ ಹಂಗ ಅಂತಾರೇನು? ಹುಟ್ಟಿದಾಗಿಂದ ನನಗ ಇದ ಮೊದಲು."

"ಹಂಗಾರ ಹೋಗಂಗಿಲ್ಲಲ್ರಿ?"

"ಹೋಗಬೇಕು. ನಿಮ್ಮ ಭಾವನ ಹೊಟ್ಟಿ ಮೂರಾಬಟ್ಟಿ ಆಗೈತಿ, ಅದನ್ನ ಯಾರು ನೋಡಬೇಕು? ಆದ್ರ ನಿನ್ನಿ ತನಕ ಜಾಗಾ ಖಾಲಿ ಮಾಡಿ ಹೊಂಟಿದ್ದೆ. ಈಗ ಹಂಗಲ್ಲ."

ಅಷ್ಟು ಹೇಳಿ ಕೀಬೋರ್ಡಿನ ಕಡೆ ತಿರುಗಿದರು. ಕಾಗಿಯಲ್ಲಿ ಕನ್ನಡ ಹಾಕಿಕೊಂಡು, ಅರ್ಧಕ್ಕೆ ನಿಂತಿದ್ದ ತಮ್ಮ ಕೊನೆಯ ಸಾಲನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದರು. ನನ್ನ ಸಾಲುಗಳನ್ನು ಮುಟ್ಟಲಿಲ್ಲ. ಆಮೇಲೆ ಪ್ರಿಂಟ್ ಕೊಟ್ಟು, ಬಂದ ಕಾಗದಗಳಲ್ಲಿ ತಾವು ಬರೆದ ಪುಟಗಳನ್ನು ನನ್ನ ಕೈಗಿಟ್ಟು, ನನ್ನ ಸಾಲುಗಳಿದ್ದ ಕೊನೆಯ ಪುಟವನ್ನು ಮಡಚಿ ಕುಬುಸದೊಳಗೆ ಇಟ್ಟುಕೊಂಡರು. ಅಂದಿನಿಂದ ಅವರು ನನಗೆ ಅವಳು. ಇಲ್ಲಿಂದ ಮುಂದೆ ಹಾಗೆಯೇ ಬರೆಯುತ್ತೇನೆ.

ಎರಡು ದಿನದ ಮೇಲೆ ಸಾಮಾನೆಲ್ಲ ಒಂದು ಗಾಡಿಯಲ್ಲಿ ಮುಂದೆ ಹೋಯಿತು. ಅಕ್ಕನನ್ನು ಕೊಪ್ಪಳದ ಬಸ್ಸಿಗೆ ಹತ್ತಿಸಲು ನಾವೆಲ್ಲ ಬಸ್‌ಸ್ಟ್ಯಾಂಡಿಗೆ ಹೋದೆವು. ಅತ್ತೆ ಉಡಿ ತುಂಬಿದರು. ನನ್ನ ಗಂಡ ಚೀಲ ಎತ್ತಿಕೊಟ್ಟರು. ಪಕ್ಕದ ಅಂಗಡಿಗಳವರೂ ಬಂದಿದ್ದರು. ಹೋಗಿ ಬಾರವ್ವ, ಹೋಗಿ ಬರ್ರಿ ಬಾಯಾರ ಎಂದು ಒಬ್ಬೊಬ್ಬರೇ ಅಂದರು. ಅಕ್ಕ ಹತ್ತಿ ಕಿಟಕಿಯ ಹತ್ತಿರ ಕೂತಳು. ನನ್ನ ಪಾಳಿ ಬಂತು.

"ಹೋಗಬ್ಯಾಡ ಅಕ್ಕ," ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಅಂದೆ.

ಅತ್ತೆ ಬೆಚ್ಚಿ ನನ್ನ ತೋಳು ಚಿವುಟಿದರು. "ಏ ಹುಚ್ಚಿ! ಹೊಂಟಾಕಿಗೆ ಹಂಗ ಅಂತಾರೇನು? ಅಪಶಕುನ ಅಲ್ಲೇನು? ಹೋಗಿ ಬರ್ರಿ ಅನ್ನು!"

ಕಿಟಕಿಯಿಂದ ಅಕ್ಕ ತಲೆ ಹೊರಗೆ ಹಾಕಿದಳು. ನಗುತ್ತಿದ್ದಳು, ಕಣ್ಣು ತುಂಬಿ ಹರಿಯುತ್ತಿತ್ತು.

"ಅನ್ಲಿ ಬಿಡ್ರಿ ಅತ್ತಿ," ಎಂದಳು. ಆಮೇಲೆ ನನ್ನ ಕಡೆ ನೋಡಿ, "ಇನ್ನೊಮ್ಮೆ ಅನ್ನು," ಎಂದಳು.

ಇನ್ನೊಮ್ಮೆ ಅಂದೆ. ಬಸ್ಸು ಹೊರಟಿತು. ಅದು ಕೊಪ್ಪಳದ ರಸ್ತೆಗೆ ಹೊರಳುವ ತನಕ ಅನ್ನುತ್ತಲೇ ಇದ್ದೆ.